ಹಿಡಿಕೆ ಯಾವ ಕಡೆಗೆ

ಗುರುಮೂರ್ತಿ ಚೆನ್ನೈಯ ಅಂಗಡಿಯಿಂದ ಮೀನು ಹಿಡಿಯುವ ಗಾಳದ ಎರಡು ರೀಲು ತಂದಿದ್ದ. ಮೆತ್ತನೆಯ ಕಪ್ಪು ಚೀಲಗಳಿಂದ ಅವನ್ನು ತೆಗೆದು, ಮನೆಮುಂದಿನ ಕಟ್ಟೆಗೆ ಹಾಸಿದ ಕಂಬಳಿಯ ಮೇಲೆ ಅಕ್ಕಪಕ್ಕ ಇಟ್ಟ. ಅವನ ತಾಯಿ ಜಂಬಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಒಂದು ಖಾರ ಅರಿಯೋ ಮಿಕ್ಸಿ, ಒಂದು ಚಟ್ನಿ ಅರಿಯೋ ಮಿಕ್ಸಿ ಇದ್ದಂಗ ಅದಾವಲ್ಲೋ ಎಂದಳು. ಹೆಂಡತಿ ನಾಗಲಿಂಗಮ್ಮ ಬಂದು ಪಕ್ಕದಲ್ಲಿ ಕೂತಳು. ಎರಡರಲ್ಲೂ ತಿರುಗಿಸುವ ಹಿಡಿಕೆ ಯಾವ ಕಡೆಗಿದೆ ಎಂದು ಮಾತ್ರ ನೋಡಿದಳು. ಎರಡರಲ್ಲೂ ಬಲಗಡೆಗೇ ಇತ್ತು.

ಗುರುಮೂರ್ತಿ ದೋಣಿ ಇಂಜಿನ್ನುಗಳ ಮೆಕ್ಯಾನಿಕ್ ಆಗಿ ಅಂಡಮಾನಿಗೆ ಹೋದದ್ದು ಮದುವೆಯಾದ ಮರುವರ್ಷ. ಮಳೆಗಾಲದಲ್ಲಿ ಅಲ್ಲಿ ಸಮುದ್ರ ಕೆರಳಿ ದೋಣಿಗಳೆಲ್ಲ ದಡ ಸೇರಿದಾಗ ಕೊಟ್ಟೂರಿಗೆ ಬರುವುದು, ದಸರೆ ಮುಗಿಯುತ್ತಲೇ ಮರಳುವುದು. ಹೀಗೇ ಮಗಳು ಹುಟ್ಟಿದಳು, ಶಾಲೆ ಮುಗಿಸಿದಳು, ಈಗ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕೆಲವು ವರ್ಷಗಳಿಂದ ಅವನು ಬರೀ ಮೆಕ್ಯಾನಿಕ್ ಅಲ್ಲ, ಒಂದು ದೋಣಿಯಲ್ಲಿ ಪಾಲುದಾರ. ದೊಡ್ಡ ಟ್ಯೂನಾ ಮೀನನ್ನು ಗಾಳದಲ್ಲಿ ಹಿಡಿಯುವುದನ್ನೇ ಹರಕೆ ಹೊತ್ತವರ ಹಾಗೆ ದೂರದೂರದಿಂದ ಬರುವ ಜನರನ್ನು ಆ ದೋಣಿ ಕಡಲಿನೊಳಕ್ಕೆ ಕರೆದೊಯ್ಯುತ್ತದೆ. ಬಲಿತ ಟಗರಿಗಿಂತ ಭಾರದ ಮೀನುಗಳು. ಅಂಥದ್ದೊಂದನ್ನು ಮೇಲೆ ತರಲು ಗಟ್ಟಿ ಆಳಿಗೂ ಎರಡು ಮೂರು ಸಲ ಬೆವರು ಒರೆಸಿಕೊಳ್ಳಬೇಕಾಗುತ್ತದೆ.

ಈಚೆಗೆ ಹೆಂಗಸರೂ ಬರತೊಡಗಿದ್ದರು. ಅವರ ಜೊತೆ ದೋಣಿಯಲ್ಲಿ ಒಬ್ಬ ಹೆಣ್ಣುಮಗಳು ಇದ್ದರೆ ಚೆಂದ, ನಿನ್ನ ಹೆಂಡತಿಯನ್ನೇ ಕರೆದುಕೊಂಡು ಬಾ, ಅಡುಗೆ ನೋಡಿಕೊಳ್ಳುತ್ತಾಳೆ, ಗಾಳ ಹಿಡಿಯುವುದು ಕಲಿತರೆ ಅವರ ಪಕ್ಕ ನಿಂತು ಹೇಳಿಕೊಡುತ್ತಾಳೆ ಎಂದು ಪಾಲುದಾರ ಹೇಳಿ ಕಳಿಸಿದ್ದ. ಹಾಗಾಗಿ ಈ ದಸರೆಯ ನಂತರ ನಾಗಲಿಂಗಮ್ಮನೂ ಹೊರಡುವುದು ಎಂದಾಗಿತ್ತು. ಜಂಬಕ್ಕನದೇನೂ ತಕರಾರಿರಲಿಲ್ಲ. ಕಿರಿಯ ಮಗ ಅಮರೇಶನ ಸಂಸಾರ ಪಕ್ಕದ ಬಾಗಿಲಲ್ಲೇ ಇತ್ತು, ಮೊಮ್ಮಕ್ಕಳ ಗಲಾಟೆಯಲ್ಲಿ ಅವಳಿಗೆ ಪುರುಸೊತ್ತು ಸಿಗುವುದೇ ಕಷ್ಟ.

ನಾಗಲಿಂಗಮ್ಮ ಕಡಲು ನೋಡಿದವಳಲ್ಲ. ಆದರೆ ಗಂಡ ಹಿಂದೊಮ್ಮೆ ಫೋನಿಗೆ ಕಳಿಸಿದ್ದ ಒಂದು ವಿಡಿಯೋ ಅವಳ ಹತ್ತಿರ ಇತ್ತು. ಅವಳಷ್ಟೇ ವಯಸ್ಸಿನ ಒಬ್ಬ ಹೆಂಗಸು, ಸೊಂಟಕ್ಕೆ ಪಟ್ಟಿ ಬಿಗಿದು, ಬಿಲ್ಲಿನ ಹಾಗೆ ಬಾಗಿದ ಗಾಳದ ಕೋಲನ್ನು ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ. ಯಾರ ಕಡೆಗೂ ಲಕ್ಷ್ಯವಿರಲಿಲ್ಲ. ಕಾಣದ ಆಳದಲ್ಲಿರುವ ಒಂದು ಜೀವಕ್ಕೂ ತನಗೂ ನಡುವೆ ಇನ್ನಾರಿಗೂ ಜಾಗವಿಲ್ಲ ಎಂಬಂತೆ ನಿಂತಿದ್ದಳು. ಹಾಲು ಕಾಯಲಿಟ್ಟಾಗ, ಬಸ್ಸಿಗೆ ಕಾಯುವಾಗ ನಾಗಲಿಂಗಮ್ಮ ಆ ವಿಡಿಯೋ ತೆಗೆದು ನೋಡುತ್ತಿದ್ದಳು. ಬರೀ ಅಡುಗೆಗೆ ಎಂದು ಕರೆದಿದ್ದರೆ ಅವಳು ಅಂಡಮಾನಿನವರೆಗೆ ಹೋಗುತ್ತಿರಲಿಲ್ಲ. ಒಲೆ ಇಲ್ಲೂ ಇತ್ತು. ಅವಳಿಗೆ ಬೇಕಾದದ್ದು ಹಾಗೆ ನಿಲ್ಲುವುದು.

ಅದಕ್ಕೇ ಹಿಡಿಕೆ ಯಾವ ಕಡೆಗಿದೆ ಎಂದು ನೋಡಿದ್ದು.

ನಾಗಲಿಂಗಮ್ಮನದು ಎಡಗೈ. ಗುಡೇಕೋಟೆಯ ಹತ್ತಿರದ ತವರಿನಲ್ಲಿ, ಕುರಿ ಕೂಡಿದ ಹಟ್ಟಿಯಲ್ಲಿ ಆಡುವ ಕಾಲಕ್ಕೇ ಅದು ಗೊತ್ತಾಗಿತ್ತು. ಅವಳ ಅಜ್ಜಿ ಕಂಬಳಿಯ ಉಣ್ಣೆದಾರ ಹೊಸೆದು, ಊಟದ ಹೊತ್ತಿಗೆ ಆ ಕೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದಳು. ಉಣ್ಣೆ ಚುಚ್ಚುತ್ತಿತ್ತು. ಎಡಗೈಯಲ್ಲಿ ಕೊಟ್ಟ ನೀರನ್ನು ಬಂದವರು ಮುಟ್ಟುವುದಿಲ್ಲ, ಎಡಗೈಯಲ್ಲಿ ಹಚ್ಚಿದ ಕುಂಕುಮ ನಿಲ್ಲುವುದಿಲ್ಲ, ರೊಡ್ಡಿಯನ್ನು ಯಾರು ಮಾಡಿಕೊಂಡಾರು ಎಂದು ದಿನಾ ಅದೇ ಮಾತು. ಕೈ ಕಲಿಯಿತು. ಬಡಿಸುವುದು, ಉಣ್ಣುವುದು, ಬರೆಯುವುದು ಎಲ್ಲ ಬಲಗೈಗೆ ಬಂತು. ಹೆಣ್ಣು ನೋಡಲು ಕೊಟ್ಟೂರಿನವರು ಬಂದಾಗ ಯಾರೋ ಹೊಟ್ಟೆಕಿಚ್ಚಿನವರು ಹುಡುಗಿ ರೊಡ್ಡಗೈ ಎಂದು ಕಿವಿ ಊದಿದ್ದರು. ಅವಳ ತಾಯಿ ಎದ್ದು ಹೋಗಿ, ಬೀರಲಿಂಗೇಶ್ವರನ ಮುಂದೆ ಉರಿಯುತ್ತಿದ್ದ ದೀಪ ಮುಟ್ಟಿ, ನನ್ನ ಮಗಳು ಹಂಗಿಲ್ಲ ಎಂದು ಹೇಳಿ ಬಂದಳು. ಮಾತು ಅಲ್ಲಿಗೆ ಮುಗಿಯಿತು. ತಾಯಿ ತೀರಿಕೊಂಡು ಬಹಳ ಕಾಲವಾದರೂ ದೀಪ ಮುಟ್ಟಿದ ಆ ಮಾತನ್ನು ನಾಗಲಿಂಗಮ್ಮ ಜತನದಿಂದ ಕಾಯ್ದುಕೊಂಡು ಬಂದಿದ್ದಳು.

ಕಾಯುವುದು ಕಷ್ಟವೇನೂ ಆಗಿರಲಿಲ್ಲ. ಗಂಡ ಮನೆಯಲ್ಲಿರುವ ತಿಂಗಳುಗಳಲ್ಲಿ ಬಲಗೈ. ಅವನು ಹೋದ ಮೇಲೆ, ಬಾಗಿಲು ಮುಂದೆ ಮಾಡಿದಾಗ, ಹಿತ್ತಲಿನಲ್ಲಿ, ಹೊಲದಲ್ಲಿ ಎಡಗೈ ತನ್ನಷ್ಟಕ್ಕೆ ತಾನೇ ಮುಂದೆ ಬರುತ್ತಿತ್ತು. ಅವನನ್ನು ರೈಲು ಹತ್ತಿಸಿ ಬಂದ ದಿನ ಮನಸ್ಸಿಗೆ ಬೇಜಾರಾದರೂ ಕೈಗೆ ಒಂಥರಾ ಬಿಡುಗಡೆ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಈಗ ಅವನ ಜೊತೆ ಹೋದರೆ ವರ್ಷವಿಡೀ ಬಲಗೈಯೇ.

ಎರಡು ರೀಲುಗಳಲ್ಲಿ ಒಂದನ್ನು ಅವಳಿಗಾಗಿ ಇಟ್ಟುಕೊಂಡು ಇನ್ನೊಂದನ್ನು ಮರಳಿಸುವ ಮಾತಾಗಿತ್ತು. ಅಂಗಡಿಯವನು ಹಳೆಯ ಪರಿಚಯ, ಕೈಗೆ ಹೊಂದುತ್ತದೋ ಇಲ್ಲವೋ ನೋಡಿಯೇ ಇಟ್ಟುಕೊಳ್ಳಿ ಎಂದಿದ್ದನಂತೆ. ಗುರುಮೂರ್ತಿ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತು ಸಮಾಧಾನವಾಗಿ ವಿವರಿಸಿದ. ಕಲಿಸುವುದೆಂದರೆ ಅವನಿಗೆ ಇಷ್ಟ. ಟ್ಯೂನಾ ಗಾಳ ಕಚ್ಚಿತೆಂದರೆ ಮೊದಲು ಹಗ್ಗ ಕಿತ್ತ ಹೋರಿಯ ಹಾಗೆ ಓಡುತ್ತದೆ. ಆಗ ದಾರ ಸಾಲದೆ ಹೋಗಬಾರದು, ಅದಕ್ಕೆ ದಾರ ಸುತ್ತಿದ ಉರುಳೆ ದೊಡ್ಡದಿರಬೇಕು. ಓಡುವ ಮೀನನ್ನು ಗಕ್ಕನೆ ಹಿಡಿದು ನಿಲ್ಲಿಸಬಾರದು, ದಾರ ಹರಿಯುತ್ತದೆ. ಹಾಗಂತ ಪೂರ್ತಿ ಬಿಡಲೂಬಾರದು. ಬಿಟ್ಟೂ ಬಿಡದ ಹಾಗೆ ಎಳೆ ಕೊಡುವ ಬ್ರೇಕು ರೀಲಿನೊಳಗಿರುತ್ತದೆ. ಆ ಬ್ರೇಕು ನುಣುಪಾಗಿರಬೇಕು, ಜಗ್ಗಿ ಜಗ್ಗಿ ಬಿಡಬಾರದು. ರೀಲಿನ ಜೀವ ಇರುವುದೇ ಅದರಲ್ಲಿ.

ಇನ್ನೊಂದು ಗೇರಿನ ವಿಷಯ. ಸಣ್ಣ ರೀಲಿಗೆ ಒಂದೇ ಗೇರು. ದೊಡ್ಡದಕ್ಕೆ ಎರಡು. ಮೀನು ಓಡಿ ದಣಿದು, ನೇರ ಆಳಕ್ಕಿಳಿದು ಬಂಡೆಯ ಹಾಗೆ ನಿಂತುಬಿಟ್ಟಾಗ ಹಿಡಿಕೆಯ ನಡುವಿನ ಗುಂಡಿ ಒತ್ತಿದರೆ ಸಣ್ಣ ಗೇರಿಗೆ ಬೀಳುತ್ತದೆ.

“ಗುಡ್ಡ ಹತ್ತಿಸುವಾಗ ಬೈಕನ್ನ ಫಸ್ಟ್ ಗೇರಿಗೆ ಹಾಕ್ತೀವಲ್ಲ, ಹಂಗ,” ಎಂದ. “ಸುತ್ತು ಕಮ್ಮಿ, ತಾಕತ್ತು ಜಾಸ್ತಿ.”

ನಾಗಲಿಂಗಮ್ಮ ದೊಡ್ಡದನ್ನು ಎತ್ತಿ ನೋಡಿದಳು. ತುಂಬಿದ ತಂಬಿಗೆಯ ಭಾರವಿತ್ತು. ಉರುಳೆಯಿಂದ ದಾರವನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದಳು. ಅದು ತಡೆಯುತ್ತಲೇ ಸರಿಯಿತು, ಸರಿಯುತ್ತಲೇ ತಡೆಯಿತು. ಸಣ್ಣದರಲ್ಲಿ ಒಂದೊಂದು ಕಡೆ ಕಲ್ಲು ಸಿಕ್ಕಂತೆ ಕುಕ್ಕುತ್ತಿತ್ತು. ಇದು ಚಲೋ ಐತ್ರಿ ಎಂದು ದೊಡ್ಡದನ್ನು ಮುಂದಿಟ್ಟಳು. ಗುರುಮೂರ್ತಿಯ ಮುಖ ಅರಳಿತು. ಮೊದಲು ತಿರುಗಿಸಿ ನೋಡು, ಆಮೇಲೆ ಹೇಳು ಎಂದ.

ತಿರುಗಿಸಿ ನೋಡಲು ಕೊಟ್ಟೂರಿನಲ್ಲಿ ಮೀನು ಎಲ್ಲಿಂದ ಬರಬೇಕು? ಕೂಡ್ಲಿಗಿ ರಸ್ತೆಯಲ್ಲಿ ಸರ್ಫರಾಜನ ಬೈಕ್ ಗ್ಯಾರೇಜಿನ ಹಿಂದೆ ದೊಡ್ಡ ಬಯಲಿತ್ತು. ಸರ್ಫರಾಜ ಗುರುಮೂರ್ತಿಯ ಬಾಲ್ಯದ ಗೆಳೆಯ, ಇಂಥ ಕೆಲಸವೆಂದರೆ ಅಂಗಡಿ ಬಿಟ್ಟು ಬರುವವನು. ಗುರುಮೂರ್ತಿ ಊರಿಗೆ ತಂದಿದ್ದ ಗಾಳದ ಕೋಲಿಗೆ ದೊಡ್ಡ ರೀಲು ಸಿಕ್ಕಿಸಿ, ಸರ್ಫರಾಜನ ಬೈಕಿನ ಹಿಂದಿನ ಕ್ಯಾರಿಯರಿಗೆ ದಾರದ ತುದಿ ಕಟ್ಟಿದರು. ಬೈಕು ಓಡಿದರೆ ಮೀನು ಓಡಿದಂತೆ. ನಿಂತ ಮೇಲೆ ಗೇರು ಬಿಡಿಸಿ ಹಿಂದಿನ ಬ್ರೇಕನ್ನು ಅರೆಬರೆ ಒತ್ತಿ ಕೂತರೆ ಮೀನು ಹಟ ಹಿಡಿದಂತೆ. ಗುರುಮೂರ್ತಿ ತಾನು ಮೊದಲು ಮಾಡಿ ತೋರಿಸಿದ. ಕುರಿ ಹೊಡೆದುಕೊಂಡು ಹೊರಟಿದ್ದ ಓಬಣ್ಣ ಎಂಬ ಮುದುಕ ಕೋಲಿಗೆ ಗದ್ದ ಊರಿ ನಿಂತ.

“ಈ ಬಯಲಾಗ ಯಾವ ಮೀನು ಸಿಗ್ತೈತಪಾ ಗುರುಮೂರ್ತಿ?”

“ಎರಡು ಗಾಲಿ ಮೀನು, ಕಾಕಾ,” ಎಂದು ಸರ್ಫರಾಜ ಬೈಕಿನ ಮೇಲಿಂದಲೇ ಉತ್ತರ ಕೊಟ್ಟ. “ಪೆಟ್ರೋಲ್ ಕುಡಿತೈತಿ.”

ನಾಗಲಿಂಗಮ್ಮನ ಸರದಿ ಬಂತು. ಸೆರಗು ಬಿಗಿದು ಸಿಕ್ಕಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಅದರ ಬಟ್ಟಲಲ್ಲಿ ಗಾಳದ ಕೋಲಿನ ಬುಡ ಊರಿದಳು. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಹಿಡಿಕೆ. ಬೈಕು ಹೊರಟಿತು, ದಾರ ಗುಂಯ್ ಎಂದು ಬಿಚ್ಚಿತು. ಅವಳ ಮೈಯೆಲ್ಲ ಒಮ್ಮೆ ಎಚ್ಚರವಾದಂತೆ ಆಯಿತು. ಬೈಕು ನಿಂತಿತು. ಈಗ ಸುತ್ತು ಎಂದ ಗಂಡ. ಬಲಗೈ ಮೊದಲ ಕೆಲವು ಸುತ್ತು ಸುತ್ತಿತು. ಆಮೇಲೆ ಹಿಡಿಕೆ ಮೇಲಕ್ಕೆ ಬಂದಾಗಲೆಲ್ಲ ಮಣಿಕಟ್ಟು ತಿರುಚಿ ನಿಂತಿತು. ಅವಳು ಹಲ್ಲು ಕಚ್ಚಿ ದೂಡಿದಳು. ದಾರ ಜೋಲುಬಿತ್ತು. ಎಡಗೈ ಕೋಲು ಹಿಡಿದು ಸುಮ್ಮನೆ ನಿಂತಿತ್ತು, ಬಡಿಸಲು ಬರುವವಳನ್ನು ಪಂಕ್ತಿಯಲ್ಲಿ ಕೂರಿಸಿ ಬಾರದವಳ ಕೈಗೆ ಸೌಟು ಕೊಟ್ಟ ಹಾಗೆ.

ಮೀನು ಚಹಾ ಕುಡಿದು ಬರ್ತೈತಿ ತಡೀರಿ ಅಕ್ಕಾರ ಎಂದು ಸರ್ಫರಾಜ ನಕ್ಕ. ಗುರುಮೂರ್ತಿ ನಗಲಿಲ್ಲ. ಹತ್ತಿರ ಬಂದು ಕೋಲು ತೆಗೆದುಕೊಂಡ. ಸಣ್ಣ ರೀಲು ಹಾಕಿಕೊಟ್ಟ. ಅದು ಹಗುರಾಗಿತ್ತು, ಹೇಗೋ ತಿರುಗಿತು.

ಮನೆಗೆ ಬರುವ ದಾರಿಯಲ್ಲಿ ಅವನು ಬಹಳ ಮೃದುವಾಗಿ ಮಾತಾಡಿದ. ಎಲ್ಲರಿಗೂ ಅಷ್ಟು ಬಲ ಇರುವುದಿಲ್ಲ, ಅದರಲ್ಲಿ ನಾಚಿಕೆ ಏನಿಲ್ಲ ಎಂದ. ಸಣ್ಣದನ್ನೇ ಇಟ್ಟುಕೊಳ್ಳೋಣ, ದಡದ ಹತ್ತಿರದ ಸಣ್ಣಪುಟ್ಟ ಮೀನಿಗೆ ಸಾಕು.

“ದೊಡ್ಡ ಮೀನಿಗೆ ಹೋದಾಗ ನೀ ಅಡಿಗಿ ಕಡಿ ನೋಡ್ಕೊಂಡ್ರ ಆತು. ಸುಮ್ನ ಕೈ ಉಳುಕಿಸಿಕೊಂಡೀ.”

ಆ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಇದ್ದಿದ್ದರೆ ಅವಳು ಎದುರು ಮಾತಾಡುತ್ತಿದ್ದಳೋ ಏನೋ. ಹೂಂ ಎಂದಳು. ಮನೆಗೆ ಬಂದು ಕೈಕಾಲು ತೊಳೆದು, ಸಾರಿಗೆ ಬೇಳೆ ಹಾಕಿದಳು. ತನಗೆ ಬಲವಿಲ್ಲ ಎಂದು ಗಂಡ ಅಂದುಕೊಂಡದ್ದು, ಅದು ನಿಜವಲ್ಲ ಎಂದು ತನಗೆ ಗೊತ್ತಿರುವುದು, ಇವೆರಡರ ನಡುವೆ ತಾಯಿಯ ಮಾತೊಂದು ಅಡ್ಡ ಮಲಗಿತ್ತು. ದಾಟಬೇಕೆಂದರೆ ತುಳಿಯಬೇಕು.

ಊಟವಾದ ಮೇಲೆ ಗುರುಮೂರ್ತಿ ಅಂಗಳದ ಬೇವಿನ ನೆರಳಲ್ಲಿ ಮಂಚ ಹಾಕಿಕೊಂಡು ಮಲಗಿದ. ಜಂಬಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾಗಲಿಂಗಮ್ಮ ದೊಡ್ಡ ರೀಲನ್ನು ಕೋಲಿಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು. ಅರ್ಧ ತುಂಬಿದ ಸಿಮೆಂಟಿನ ಚೀಲವೊಂದು ಗೋಡೆಯ ಬದಿಗೆ ಬಿದ್ದಿತ್ತು. ದಾರದ ತುದಿಯನ್ನು ಅದಕ್ಕೆ ಕಟ್ಟಿದಳು. ಇನ್ನೊಂದು ತುದಿಗೆ ಬಂದು, ಕೋಲನ್ನು ಕೈಯಲ್ಲೇ ಹೊರಳಿಸಿದಳು. ಮೇಲಿದ್ದ ರೀಲು ಕೆಳಕ್ಕೆ ಬಂತು. ಬಲಕ್ಕಿದ್ದ ಹಿಡಿಕೆ ಎಡಕ್ಕೆ ಬಂತು.

ಎಡಗೈ ಹಿಡಿಕೆಯ ಮೇಲೆ ಕೂತಿತು. ಮುಂದಕ್ಕೆ ದೂಡಿದಳು, ಅದು ಟಕ್ಕೆಂದು ನಿಂತಿತು. ಹಿಂದಕ್ಕೆ ತಿರುಗಿಸಿದಳು. ತಿರುಗಿತು. ರಾಟೆಯನ್ನು ಉಲ್ಟಾ ಸುತ್ತಿದ ಹಾಗಿತ್ತು. ರೀಲು ಕೆಳಗೆ ಜೋತು ಕೋಲು ಹೊರಳಲು ನೋಡುತ್ತಿತ್ತು. ಆದರೂ ಮಣಿಕಟ್ಟು ಎಲ್ಲೂ ನಿಲ್ಲಲಿಲ್ಲ. ಭುಜದಿಂದ ಬೆರಳಿನವರೆಗೆ ಕೈಗೆ ತನ್ನ ಕೆಲಸ ಗೊತ್ತಿತ್ತು. ನಡುವಿನ ಗುಂಡಿ ಒತ್ತಿದಳು. ಗೇರು ಬಿದ್ದ ಸದ್ದು ಬಂತು. ಮಣ್ಣಿನ ಮೇಲೆ ಚೀಲ ಕದಲಿ, ಒಂದು ಗೇಣು ಸರಿದು, ಮತ್ತೊಂದು ಗೇಣು ಸರಿದು, ಅವಳ ಕಡೆಗೆ ಬರತೊಡಗಿತು.

“ತಲಿಕೆಳಗ ಹಿಡಿದೀಯಲ್ಲ.”

ಗುರುಮೂರ್ತಿ ನಿದ್ದೆಗಣ್ಣಿನಲ್ಲಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಚೀಲದ ಕಡೆ ಅವನ ಗಮನವಿರಲಿಲ್ಲ. ಬಂದು, ಮಕ್ಕಳಿಗೆ ಪೆನ್ನು ಹಿಡಿಸುವಂತೆ ಅವಳ ಕೈಯಲ್ಲಿದ್ದ ಕೋಲನ್ನು ಹೊರಳಿಸಿ ನೆಟ್ಟಗೆ ಮಾಡಿದ. ಅವಳ ಬಲಗೈ ತೆಗೆದು ಹಿಡಿಕೆಯ ಮೇಲಿಟ್ಟ. ಹಿಂಗ, ಎಂದ.

ನಾಗಲಿಂಗಮ್ಮ ತನ್ನ ಬಲಗೈ ನೋಡಿಕೊಂಡಳು. ಅದು ವಿಧೇಯವಾಗಿ ಅಲ್ಲಿ ಕೂತಿತ್ತು. ಇಷ್ಟು ವರ್ಷ ಹೇಳಿದ ಕಡೆಯೆಲ್ಲ ಕೂತ ಕೈ, ಪಾಪ, ಅದರದೂ ತಪ್ಪಿಲ್ಲ. ಈಗ ಸುಮ್ಮನಾದರೆ ಇನ್ನು ಬಾಯಿ ಬಿಡುವ ಸಂದರ್ಭವೇ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕೈ ತೆಗೆದಳು.

“ರೀ, ನಾ ರೊಡ್ಡಿ ಅದೀನಿ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಮತ್ತೆ ಕೋಲು ಹೊರಳಿಸಿ, ಎಡಗೈಯಿಂದ ಹಿಂದಕ್ಕೆ ಸುತ್ತಿದಳು. ಚೀಲ ಸರಸರ ಬಂದು ಅವರಿಬ್ಬರ ಕಾಲಿನ ಹತ್ತಿರ ನಿಂತಿತು. ಅವನು ಚೀಲ ನೋಡಿದ, ಕೈ ನೋಡಿದ. ಆಮೇಲೆ, ಮೊದಲಿಂದಲೂ ಹಂಗನಾ ಎಂದು ಕೇಳಿದ. ಹೂಂ ಎಂದಳು. ಉಣ್ಣುವುದು, ಬರೆಯುವುದು ಎಂದು ಏನೋ ಕೇಳಲು ಹೋಗಿ ತಾನೇ ನಿಲ್ಲಿಸಿದ. ಅಜ್ಜಿ ಕಟ್ಟಿದ ಉಣ್ಣೆದಾರದಿಂದ ಹಿಡಿದು ತಾಯಿ ಮುಟ್ಟಿದ ದೀಪದವರೆಗೆ ಅವಳೇ ಎಲ್ಲ ಹೇಳಿದಳು. ದೀಪದ ಮಾತಿಗೆ ಬಂದಾಗ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದಳು.

“ನಮ್ಮವ್ವ ದೇವರ ಮುಂದ ಸುಳ್ಳಾಡಿದ್ಲು ಅಂತ ನನ್ನ ಬಾಯಿಲೆ ಹೆಂಗ ಹೇಳ್ಲಿ?”

ಪಡಸಾಲೆಯಿಂದ ಶೇಂಗಾ ಸುಲಿಯುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಜಂಬಕ್ಕ ಮಂಡಿ ಹಿಡಿದುಕೊಂಡು ಹಿತ್ತಲ ಹೊಸ್ತಿಲಿಗೆ ಬಂದಳು.

“ಹೇಳಬ್ಯಾಡ ಬಿಡು. ನಾ ಎಂದಾದ್ರೂ ಕೇಳೀನೇನು?” ಎಂದಳು. “ಮದಿವ್ಯಾದ ವರ್ಷ ಸಜ್ಜಿ ಕೊಯ್ಯಾಕ ಹೋಗಿದ್ವಲ್ಲ. ಎಲ್ಲಾರೂ ಮುಂದ ಹೋಗೋತನಕ ತಡದು, ನೀ ಕುಡಗೋಲು ಆ ಕೈಗೆ ತಗೊಂಡಿ. ನೋಡ್ದೆ. ನಮ್ಮ ಕುಡಗೋಲಿನ ಹಲ್ಲು ಬಲಗೈಲೆ ಹಿಡಿದ್ರ ಕೊಯ್ತಿದ್ವು, ನಿನಗ ಜಾರ್ತಿದ್ವು. ಮರುವರ್ಷ ಕಮ್ಮಾರಗ ಹೇಳಿ ಒಂದಕ್ಕ ಈ ಕಡಿಲೆ ಹಲ್ಲು ಹಾಕಿಸ್ದೆ.”

ನಾಗಲಿಂಗಮ್ಮನಿಗೆ ಆ ಕುಡಗೋಲು ಗೊತ್ತಿತ್ತು. ಬೇರೆಯವರು ಮೊಂಡು ಎಂದು ಬಿಸಾಕುತ್ತಿದ್ದದ್ದು, ತನ್ನ ಕೈಗೆ ಮಾತ್ರ ಬೆಣ್ಣೆಯ ಹಾಗೆ ಕೊಯ್ಯುತ್ತಿದ್ದದ್ದು. ಅದೊಂದು ತನ್ನ ಅದೃಷ್ಟವೆಂದೇ ತಿಳಿದು, ಪ್ರತಿ ಸುಗ್ಗಿಯಲ್ಲೂ ಬಣವೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಅತ್ತೆಯ ಮುಖ ನೋಡಿದಳು.

“ಮತ್ತ ಒಂದು ಮಾತು ಹೇಳಲಿಲ್ಲಲ್ಲ, ಅತ್ತಿ.”

“ಹೇಳಿದ್ರ ನಿಮ್ಮವ್ವ ಸುಳ್ಳಿ ಆಗ್ತಿದ್ಲು. ಮಗಳಿಗಾಗಿ ದೀಪ ಮುಟ್ಟಿದಾಕಿ. ನಾನಾದ್ರೂ ಮುಟ್ತಿದ್ದೆ.”

ನನಗೊಬ್ಬನಿಗೇ ಗೊತ್ತಿಲ್ಲೇನು ಹಂಗಾದರೆ ಎಂದು ಗುರುಮೂರ್ತಿ ತಾಯಿಯನ್ನು ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮನೆಯಲ್ಲೇ ದಾರಿ ತಪ್ಪಿದವನ ಗಲಿಬಿಲಿ ಇತ್ತು.

“ಗೊತ್ತಾಗಾಕ ಮನಿಯಾಗ ಇರ್ಬೇಕಲ್ಲೋ,” ಎಂದು ಜಂಬಕ್ಕ ಹೊಸ್ತಿಲ ಮೇಲೆ ಕೂತಳು.

ಆ ಮಾತು ಅವನಿಗೆ ತಾಕಿತು. ಸಿಮೆಂಟಿನ ಚೀಲದ ಮೇಲೆ ಕೂತು, ದಾರದ ಗಂಟು ಬಿಚ್ಚತೊಡಗಿದ. ನಾಗಲಿಂಗಮ್ಮನಿಗೆ ಅವನ ಮೇಲೆ ಕನಿಕರ ಬಂತು. ಆದರೆ ಸಮಾಧಾನ ಹೇಳಲು ಹೋಗಲಿಲ್ಲ. ಇಷ್ಟು ವರ್ಷ ಮನೆಮಂದಿಯ ಸಮಾಧಾನವನ್ನೆಲ್ಲ ತನ್ನೊಂದು ಕೈಯಿಂದ ಹೊತ್ತು ಸಾಕಾಗಿತ್ತು. ಈಗ ಅವನು ಒಂದು ಗಳಿಗೆ ತನ್ನದನ್ನು ತಾನೇ ಹೊರಲಿ ಎನಿಸಿತು.

ಕೊನೆಗೆ ಅವನೇ ಎದ್ದ. ರೀಲನ್ನು ಕೋಲಿನಿಂದ ಬಿಚ್ಚಿ, ಒರೆಸಿ, ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ. ತಲೆಕೆಳಗಾಗಿ ಹಿಡಿದು ದೊಡ್ಡ ಮೀನಿನ ಜೊತೆ ಗುದ್ದಾಡಲು ಆಗುವುದಿಲ್ಲ, ಕೋಲು ಹೊರಳಿ ಮಣಿಕಟ್ಟು ಮುರಿಯುತ್ತದೆ ಎಂದ. ಎಡಗಡೆ ಹಿಡಿಕೆ ಇರುವ ರೀಲುಗಳೂ ಬರುತ್ತವೆ, ಆದರೆ ಕಮ್ಮಿ, ಅಂಗಡಿಯಲ್ಲಿ ಇಟ್ಟಿರುವುದಿಲ್ಲ. ಫೋನ್ ತೆಗೆದು ಚೆನ್ನೈಯ ಅಂಗಡಿಯವನಿಗೆ ಹಚ್ಚಿದ. ಹಿಂದಿಯಲ್ಲಿ, ನಡುನಡುವೆ ತಮಿಳಿನಲ್ಲಿ, ಅವರು ಬಹಳ ಹೊತ್ತು ಮಾತಾಡಿದರು. ಆಮೇಲೆ ಅವನು ಫೋನನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಕಡೆ ತಿರುಗಿದ.

“ಹೊರಗಿಂದ ತರಿಸ್ಬೇಕಂತ. ತರಿಸಿದ ಮ್ಯಾಲೆ ವಾಪಸ್ ತಗಳಂಗಿಲ್ಲ. ನಮ್ಮ ದೋಣ್ಯಾಗ ಎಲ್ಲಾರೂ ಬಲಗೈನವರ, ಅದನ್ನ ಯಾರೂ ಮುಟ್ಟಂಗಿಲ್ಲ. ಬ್ಯಾಸರಾತು ಅಂತ ನೀ ಅರ್ಧಕ್ಕ ಬಿಟ್ಟು ಬಂದ್ರ ಅದು ಮೂಲಿಗೆ ಬೀಳ್ತೈತಿ.”

“ನಾ ಬಿಟ್ಟು ಬರಂಗಿಲ್ರಿ.”

“ಸಣ್ಣದು ಹೇಳ್ಲೋ, ದೊಡ್ಡದೋ?”

“ದೊಡ್ಡದು. ಎರಡು ಗೇರಿಂದು,” ಎಂದಳು. “ಬ್ರೇಕು ಇದರಂಗ ನುಣ್ಣಗ ಇರ್ಬೇಕು ಅಂತ ಹೇಳ್ರಿ.”

ಅವನು ಹೇಳಿದ. ಅತ್ತಲಿನವನು ಇನ್ನೇನೋ ಕೇಳಿದ. ಆ ತರದ ರೀಲು ತಪ್ಪಿ ಬೇರೆಯವರ ಪಾಲಾಗದಿರಲೆಂದು ಪೆಟ್ಟಿಗೆಯ ಮೇಲೆ ಹೆಸರು ಬರೆದಿಡುವುದು ಅವರ ವಾಡಿಕೆಯಂತೆ. ಗುರುಮೂರ್ತಿ ಹೆಂಡತಿಯ ಹೆಸರು ಹೇಳಿದ. ಅತ್ತಲಿನವನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ನಾಗಮ್ಮ ಎಂದು ಬರೆದುಕೊಂಡನಂತೆ. ಅಲ್ಲ ಅಲ್ಲ ಎಂದು ಗುರುಮೂರ್ತಿ ಬೇಸತ್ತು, ನೀನೇ ಹೇಳು ಎಂದು ಫೋನನ್ನು ಅವಳ ಕಡೆ ಚಾಚಿದ.

ನಾಗಲಿಂಗಮ್ಮ ಫೋನು ತೆಗೆದುಕೊಂಡಳು. ಗಾಳಿ ಗದ್ದಲದ ಆಚೆ ಕಾಣದ ಊರಿನ ಒಬ್ಬ ಮನುಷ್ಯ ಪೆನ್ನು ಹಿಡಿದು ಕಾಯುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿದಳು. ಅವನು ತಿರುಗಿ ಓದಿದ. ನಡುವೆ ಒಂದು ಅಕ್ಷರ ಬಿಟ್ಟಿದ್ದ. ಅವಳು ಇನ್ನೊಮ್ಮೆ ಹೇಳಿದಳು.